ನಂಜಮ್ಮನ ತುಂಬ ಹುಳಿಪುಡಿ

ನಮ್ಮ ಮನೆಯಲ್ಲಿ ನಂಜಮ್ಮನ ತುಂಬ ಹುಳಿಪುಡಿ ಇರುತ್ತಿತ್ತು. ಇನ್ಸ್‌ಪೆಕ್ಟರ್ ಒಳಗೆ ಕೊಬ್ಬರಿ ಮಿಠಾಯಿ. ದೊಡ್ಡ ಲಲಿತಳಲ್ಲಿ ಅವಲಕ್ಕಿ, ಚಿಕ್ಕ ಲಲಿತಳಲ್ಲಿ ಮೆಂತ್ಯ. ಸೀತಾಪತಿಯವರು ಮಾತ್ರ ಸೋರುತ್ತಿದ್ದರು. ಅವರನ್ನು ನಂಬಿ ಏನನ್ನೂ ಒಪ್ಪಿಸುವಂತಿರಲಿಲ್ಲ.

ಗಾಬರಿಯಾಗಬೇಡಿ, ಇವರೆಲ್ಲ ಸ್ಟೀಲ್ ಪಾತ್ರೆಗಳು. ಈಗಿನ ಹಾಗೆ ಬಣ್ಣದ ಕಾಗದ ಸುತ್ತಿ, ಯಾರು ಕೊಟ್ಟರೆಂದೇ ತಿಳಿಯದಂತೆ ಉಡುಗೊರೆ ಕೊಡುವ ಕಾಲವಲ್ಲ ಅದು. ಮದುವೆಗೋ ನಾಮಕರಣಕ್ಕೋ ಡಬ್ಬ ಕೊಟ್ಟರೆ ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕೊಟ್ಟವರ ಹೆಸರು ಹಾಕಿಸಿಯೇ ಕೊಡಬೇಕು. 'ಶ್ರೀಮತಿ ನಂಜಮ್ಮ ಮತ್ತು ಮಕ್ಕಳು' ಎಂಬ ಡಬ್ಬ ಹಾಗೆ ನಮ್ಮ ಮನೆ ಸೇರಿದ್ದು. ನಮ್ಮ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಅಷ್ಟುದ್ದ ಹೇಳಲು ಪುರುಸೊತ್ತೆಲ್ಲಿ? ಮಕ್ಕಳನ್ನು ಕೈಬಿಟ್ಟು ಬರೀ ನಂಜಮ್ಮ ಎಂದರು. ಅದೇ ರೂಢಿಯಾಯಿತು. ಅಡುಗೆಮನೆಯ ಗೋಡೆ ಬೀರುವಿನಲ್ಲಿ ಇಡೀ ಬಂಧುಬಳಗ ಸಾಲಾಗಿ ಕೂತಿರುತ್ತಿತ್ತು.

"ಅಜ್ಜಿ, ಹುಳಿಪುಡಿ ಎಲ್ಲಿದೆ?"

"ನಂಜಮ್ಮನಲ್ಲಿ ಇಲ್ವೇನೇ ಪುಟ್ಟಿ? ಸರಿಯಾಗಿ ಕೈ ಹಾಕಿ ನೋಡು."

ಪುಟ್ಟಿ ಎಂದರೆ ನಾನು. ಈಗ ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸಾದರೂ ನಮ್ಮ ಮನೆಯಲ್ಲಿ ಆ ಹೆಸರನ್ನು ಅಳಿಸಲು ಯಾರಿಂದಲೂ ಆಗಿಲ್ಲ.

ಇವರೆಲ್ಲ ಇದ್ದಕ್ಕಿದ್ದಂತೆ ಮೊನ್ನೆ ನೆನಪಾದದ್ದು ಫೋನಿನ ದೆಸೆಯಿಂದ. ಬಾಲ್ಕನಿಯ ದಾಸವಾಳದ ಫೋಟೋ ಒಂದನ್ನು ನಾಲ್ಕು ಜನಕ್ಕೆ ತೋರಿಸೋಣವೆಂದು ಹಾಕಲು ಹೋದರೆ, 'ಟ್ಯಾಗ್ ಸೇರಿಸಿ' ಎಂದು ಪೀಡಿಸಿತು. ಸುಮ್ಮನೆ ಪೀಡಿಸಿದ್ದರೆ ಸಹಿಸಬಹುದಿತ್ತು, ತಾನೇ ಬುದ್ಧಿಯನ್ನೂ ಹೇಳಿತು: ಹೂ, ಕೆಂಪು, ಪ್ರಕೃತಿ. ಕೆಂಪು ಹೂವನ್ನು ಕೆಂಪು ಹೂ ಎನ್ನಲು ಇಷ್ಟು ದೊಡ್ಡ ಕಂಪನಿ ಬೇಕೆ? ನಾನು ಸಿಟ್ಟಿನಲ್ಲಿ 'ದೊಡ್ಡ ಲಲಿತ' ಎಂದು ಟೈಪ್ ಮಾಡಿದೆ. ಹಾಗೆ ಮಾಡಿ, ಒಬ್ಬಳೇ ಕೂತು ನಕ್ಕು, ಆಮೇಲೆ ಕಣ್ಣು ಒರೆಸಿಕೊಂಡೆ. ಯಾಕೆಂದು ಹೇಳುತ್ತೇನೆ.

ಮೊದಲು ನಂಜಮ್ಮನ ವಿಷಯ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಅದು ಹೊಟ್ಟೆಯಲ್ಲೇ ಉಳಿದುಹೋಗುತ್ತದೆ. ತೊಂಬತ್ತರ ದಶಕದ ಶುರು, ಜಯನಗರದ ನಮ್ಮ ಬಾಡಿಗೆ ಮನೆ. ಹಾಲ್‌ನಲ್ಲಿ ಸಾಕ್ಷಾತ್ ನಂಜಮ್ಮನವರೇ ಕೂತು ಕಾಫಿ ಕುಡಿಯುತ್ತಿದ್ದರು. ಎದುರಿಗೆ ಅಪ್ಪ, ಗೌರವದಿಂದ ಕೈಕಟ್ಟಿ ಕೂತಿದ್ದರು. ಅವರು ಬಂದದ್ದು ಹಿತ್ತಲಲ್ಲಿದ್ದ ಅಜ್ಜಿಗೆ ಗೊತ್ತಿಲ್ಲ. ಅಡುಗೆಮನೆಗೆ ಬಂದವರೇ ಮಗಳನ್ನು, ಎಂದರೆ ನನ್ನ ವತ್ಸಲತ್ತೆಯನ್ನು ಕೂಗಿದರು.

"ವತ್ಸಲಾ, ಈ ನಂಜಮ್ಮ ಜಿಡ್ಡು ಹಿಡ್ದು ನಾರ್ತಾ ಇದಾಳೆ ಕಣೇ! ಹುಣಿಸೇಹಣ್ಣು ಹಚ್ಚಿ ಚೆನ್ನಾಗಿ ಉಜ್ಜಿ ಬಿಸಿಲಿಗೆ ಬೋರಲು ಹಾಕು ಅವಳನ್ನ!"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಅಪ್ಪ ಕ್ಯಾಲೆಂಡರ್ ನೋಡತೊಡಗಿದರು. ನಂಜಮ್ಮನವರು ಮಾತ್ರ ಕಾಫಿ ಲೋಟ ಕೆಳಗಿಟ್ಟು, ಏನೂ ಆಗದವರಂತೆ ಹೇಳಿದರು: "ಹಾಕ್ಲಿ ಬಿಡಿ. ನಮ್ಮನೇಲಿ ನಿಮ್ಮ ರಂಗನಾಥನ್ನ ಬಚ್ಚಲಲ್ಲಿ ಇಟ್ಟಿದೀವಿ, ಸೀಗೇಪುಡಿ ತುಂಬ್ಸಿ."

ರಂಗನಾಥ ಎಂದರೆ ಎದುರಿಗೆ ಕೂತಿದ್ದ ನನ್ನ ಅಪ್ಪ. ನಂಜಮ್ಮನವರ ಮಗನ ಮದುವೆಗೆ ಅಪ್ಪ ಕೊಟ್ಟಿದ್ದ ಡಬ್ಬಕ್ಕೆ ಬಚ್ಚಲುವಾಸ ಬಂದದ್ದು ನಮಗೆ ತಿಳಿದದ್ದು ಹೀಗೆ.

ಈ ಅಪ್ಪನಿಗೆ ಹೆಸರು ಹಾಕುವ ಖಯಾಲಿ ಸ್ವಲ್ಪ ಹೆಚ್ಚೇ ಇತ್ತು. ಜನ ಪಾತ್ರೆಗೆ ಹಾಕಿಸಿದರೆ ಇವರು ಕೊಡೆಗೆ, ಸೈಕಲ್ ಪಂಪಿಗೆ, ಏಣಿಗೆ, ತುರಿಯುವ ಮಣೆಗೆ, ಹವಾಯಿ ಚಪ್ಪಲಿಯ ಅಡಿಗೂ 'ಕೆ. ರಂಗನಾಥ, ಜಯನಗರ' ಎಂದು ಬರೆಯುತ್ತಿದ್ದರು. ಏಕೆಂದು ಕೇಳಿದರೆ ಒಂದೇ ಉತ್ತರ: "ಹೆಸರಿದ್ರೆ ವಾಪಸ್ ಬರತ್ತೆ." ಅದು ನಿಜವೂ ಆಗಿತ್ತು. ನಮ್ಮ ಏಣಿ ಇಡೀ ಬ್ಲಾಕ್ ಸುತ್ತಿ ಬಂದರೂ ರಾತ್ರಿಯೊಳಗೆ ಮನೆ ಸೇರುತ್ತಿತ್ತು. ಬೀದಿಯ ಹುಡುಗರು ನನ್ನನ್ನೂ ಒಮ್ಮೆ ತಿರುಗಿಸಿ ನೋಡಿ, "ಬೆನ್ನ ಮೇಲೆ ಬರ್ದಿಲ್ವಾ?" ಎಂದು ಕೇಳಿದ್ದುಂಟು.

ಇಂಥ ಅಪ್ಪ ತಂಗಿಯ ಮದುವೆಗೆ ಪಾತ್ರೆ ತರಲು ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿಗೆ ಹೋದರು. ತಾತ ಇಲ್ಲದ್ದರಿಂದ ಮದುವೆಯ ಯಜಮಾನಿಕೆಯೆಲ್ಲ ಅವರದೇ. ಕೊಳಗ, ತಪ್ಪಲೆ, ಡಬ್ಬಗಳ ಜೋಡಿ, ಎಲ್ಲ ಆಯ್ದು ಗುಡ್ಡೆ ಹಾಕಿದ ಮೇಲೆ ಅಂಗಡಿಯವನು "ಹೆಸ್ರು ಏನು ಹಾಕ್ಲಿ ಸಾರ್?" ಎಂದಿದ್ದಾನೆ. ತವರಿನಿಂದ ಮಗಳಿಗೆ ಕೊಡುವ ಪಾತ್ರೆಗೆ ಮದುಮಗಳ ಹೆಸರು ಹಾಕಿಸುವುದು ಊರಿಗೆಲ್ಲ ಗೊತ್ತಿರುವ ಪದ್ಧತಿ. ಅಪ್ಪನ ಬಾಯಿ ಮಾತ್ರ ಅಭ್ಯಾಸಬಲದಿಂದ ತಾನಾಗಿ ಹೇಳಿತು: "ಕೆ. ರಂಗನಾಥ, ಜಯನಗರ." ಅವನು ಒಂದು ಚಮಚವನ್ನೂ ಬಿಡದೆ ಹಾಕಿದ.

ಛತ್ರದಲ್ಲಿ ಪಾತ್ರೆಗಳನ್ನು ಜೋಡಿಸಿಟ್ಟಾಗ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಕನ್ನಡಕ ಏರಿಸಿ, ದೊಡ್ಡ ಕೊಳಗವನ್ನು ಎತ್ತಿ, ಗಟ್ಟಿಯಾಗಿ ಓದಿದರು.

"ಕೆ. ರಂಗನಾಥ, ಜಯನಗರ. ಇದೇನ್ರೀ ಇದು, ಬಾಡಿಗೆ ಪಾತ್ರೆ ಥರ ವಿಳಾಸ ಹಾಕ್ಸಿದೀರಾ? ಮದ್ವೆ ಮುಗಿದ್ಮೇಲೆ ವಾಪಸ್ ಕೊಡ್ಬೇಕೇನು?"

ಛತ್ರಕ್ಕೆ ಛತ್ರವೇ ನಕ್ಕಿತು. ಅಪ್ಪನೂ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಮುಖ ಗಂಟಿಕ್ಕಿ, "ಕೊಟ್ಟವರ ಹೆಸರು ಇರೋದೇ ಕ್ರಮ" ಎಂದರು. ಧಾರೆ ಸೀರೆಯಲ್ಲಿ ನಿಂತಿದ್ದ ಅತ್ತೆಯ ಮುಖ ಕೆಂಪಾದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಿ.ಟಿ.ಎಂ. ಲೇಔಟಿನ ಗಂಡನ ಮನೆಯಲ್ಲಿ ಅತ್ತೆಗೆ ಆ ಕೊಳಗದಿಂದ ಬಿಡುಗಡೆ ಸಿಗಲಿಲ್ಲ. ನೆಂಟರು ಬಂದಾಗಲೆಲ್ಲ ಯಾರಾದರೂ ಓದುವುದು, ನಗುವುದು. "ನಿಮ್ಮಣ್ಣ ಕೇಳಿದ್ರಾ ಪಾತ್ರೇನ?" ಒಂದು ದಿನ ಅವಳಿಗೆ ತಡೆಯದಾಯಿತು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಆಟೋದಲ್ಲಿ ಹಾಕಿಕೊಂಡು ಜಯನಗರಕ್ಕೆ ಬಂದಳು. ವರಾಂಡದಲ್ಲಿ ಚೀಲ ಬಿದ್ದ ಸದ್ದಿಗೆ ಎದುರು ಮನೆಯವರು ಗೇಟಿಗೆ ಬಂದರು.

"ತಗೋ ಅಣ್ಣ, ನಿನ್ ಹೆಸ್ರು ನೀನೇ ಇಟ್ಕೋ. ನನ್ ಪಾಲಿಗೆ ಬೇಡ."

"ಹಾಗೇ ಆಗ್ಲಿ," ಎಂದರು ಅಪ್ಪ.

ಅತ್ತೆ ಒಳಗೂ ಬರಲಿಲ್ಲ. ಅದೇ ಆಟೋದಲ್ಲಿ ಹೊರಟುಹೋದಳು. ಅಜ್ಜಿ ಸೌಟು ಹಿಡಿದುಕೊಂಡೇ ರಸ್ತೆಯ ತಿರುವಿನವರೆಗೆ ಹಿಂದೆ ಹೋಗಿ ಬಂದರು. ಅವತ್ತಿಗೆ ಅಣ್ಣತಂಗಿಯ ಮಾತು ನಿಂತಿತು.

ವರ್ಷಗಳು ಕಳೆದವು. ಅಜ್ಜಿ ಇಬ್ಬರಿಗೂ ಹೇಳಿ ಹೇಳಿ ಸೋತರು. "ಇವನು ಹೋಗಿ ಒಂದ್ಸಲ ಕರೀಲಿ, ಅವಳು ಬಂದೇ ಬರ್ತಾಳೆ" ಎಂಬ ಮಾತನ್ನು ಬಾಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿದರು. ಆಗಲೂ ಅತ್ತೆ ಬಂದು ಅಜ್ಜಿಯ ಕಾಲ ಬಳಿ ಅತ್ತಳು, ಅಪ್ಪ ತಲೆಯ ಬಳಿ ಅತ್ತರು. ಇಬ್ಬರೂ ಮುಖ ಕೊಟ್ಟು ನೋಡಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಡಬೇಕಾದ ಅಣ್ಣ ಮಾರ್ಕೆಟ್ಟಿಗೆ ಹೋಗಿ ಮೊರ ತಂದೇ ತರುತ್ತಿದ್ದರು, ಅಮ್ಮನಿಗೆ ಬೇಕಾದದ್ದಕ್ಕಿಂತ ಒಂದು ಜೊತೆ ಹೆಚ್ಚಾಗಿ.

"ಇದು ಯಾರಿಗ್ರೀ?" ಎಂದು ಅಮ್ಮ ಕೇಳಿದರೆ, "ಅಂಗಡಿಯೋನು ತಪ್ಪಿ ಕೊಟ್ಬಿಟ್ಟಿದಾನೆ" ಎಂದು ಅಟ್ಟಕ್ಕೆ ಎಸೆಯುತ್ತಿದ್ದರು. ಅಂಗಡಿಯವನು ಪ್ರತಿ ವರ್ಷವೂ ತಪ್ಪುತ್ತಿದ್ದ. ಮುಂದೆ ನಾವು ಜಯನಗರ ಬಿಟ್ಟು ಸಾರಕ್ಕಿ ಆಚೆ ಒಂದು ಚಿಕ್ಕ ಸ್ವಂತ ಮನೆಗೆ ಬಂದಾಗ ಲಾರಿಯಲ್ಲಿ ಆ ಮೊರಗಳೂ ಬಂದವು, ಆ ಗೋಣಿಚೀಲವೂ ಬಂತು. "ಇವು ಯಾಕೆ?" ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗಂತೂ ಒಂದೇ ಆಸೆ. ಈ ಇಬ್ಬರೂ ಎದುರು ಬದುರು ಕೂತು ಒಂದು ಲೋಟ ಕಾಫಿ ಕುಡಿಯುವುದನ್ನು ನೋಡಬೇಕು, ಅಷ್ಟೆ. ನನಗೆ ತಲೆ ಬಾಚಿದವಳು, ಬೈದು ಮಗ್ಗಿ ಕಲಿಸಿದವಳು ನನ್ನ ಅತ್ತೆ. ಅವಳಿಲ್ಲದ ಹಬ್ಬ ನನಗೆ ಹಬ್ಬವೇ ಅನ್ನಿಸುತ್ತಿರಲಿಲ್ಲ.

ಈಗ ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತಿಗೆ ಬರುತ್ತೇನೆ. ನಾನು ಜೆ.ಪಿ. ನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟು. ಬೆಳಿಗ್ಗೆ ಒಂದಷ್ಟು ಜನ ಕೆನ್ನೆ ಹಿಡಿದುಕೊಂಡು ಬರುತ್ತಿದ್ದರು, ಸಂಜೆ ಒಂದಷ್ಟು ಜನ. ಮಧ್ಯಾಹ್ನವೆಲ್ಲ ನಾನು, ಕಂಪ್ಯೂಟರು, ಮೇಜಿನ ಮೇಲೆ ಹಲ್ಲು ಕಿರಿಯುವ ಪ್ಲಾಸ್ಟರ್ ದವಡೆ. ನಮ್ಮ ಡಾಕ್ಟರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. "ಕೆಳಗಿನ ದವಡೆ ಬಂದ್ರಾ?" "ಆ ಎರಡು ಕೋರೆಹಲ್ಲಿಗೆ ಫೋನ್ ಮಾಡಿ ನಾಳೆ ಬರಕ್ಕೆ ಹೇಳಮ್ಮ." ಮನೆಯಲ್ಲಿ ಪಾತ್ರೆಗೆ ಮನುಷ್ಯರ ಹೆಸರು, ಇಲ್ಲಿ ಮನುಷ್ಯರಿಗೆ ಹಲ್ಲಿನ ಹೆಸರು. ನನ್ನ ಹಣೆಬರಹ.

ಆ ಮಧ್ಯಾಹ್ನಗಳಲ್ಲೇ ನಾನು ಒಂದು ವೆಬ್‌ಸೈಟಿನ ರುಚಿ ಹತ್ತಿಸಿಕೊಂಡದ್ದು. ಅದು ಈಗ ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಯಾರು ಬೇಕಾದರೂ ನಾಲ್ಕು ಸಾಲು ಬರೆದು ಹಾಕಬಹುದು, ಪ್ರತಿ ಬರಹದ ಕೆಳಗೆ ಒಂದು ಟ್ಯಾಗ್ ಅಂಟಿಸಬಹುದು. ಆ ಟ್ಯಾಗನ್ನು ಒತ್ತಿದರೆ ಅದೇ ಟ್ಯಾಗಿನ ಬರಹಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ, ನಿಮ್ಮವೂ ಬರುತ್ತವೆ, ಬೇರೆಯವರವೂ ಬರುತ್ತವೆ. ಬೇರೆ ಜನ ಬುದ್ಧಿವಂತರು, 'ಅಡುಗೆ', 'ಟ್ರಾಫಿಕ್', 'ಮಳೆ' ಎಂದು ಹಾಕಿಕೊಳ್ಳುತ್ತಿದ್ದರು. ನನಗೋ ಪ್ರತಿಯೊಂದಕ್ಕೂ ಗೊಂದಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನೊಳಗೆ ಪಕ್ಕದವರು ಕೊಟ್ಟ ಮಜ್ಜಿಗೆ ಮೆಣಸಿನಕಾಯಿಯ ಬಗ್ಗೆ ಬರೆದರೆ ಅದು ಟ್ರಾಫಿಕ್ಕೋ ಅಡುಗೆಯೋ? ಯೋಚಿಸಿ ಸಾಕಾಗಿ ಎಲ್ಲಕ್ಕೂ 'ಇತರೆ' ಎಂದು ಹಾಕಿದೆ. ಕೊನೆಗೆ ನನ್ನ ಇಡೀ ಬದುಕೇ 'ಇತರೆ' ಅಡಿಯಲ್ಲಿ ಬಿದ್ದುಕೊಂಡಿತು, ಹುಡುಕಿದರೆ ಒಂದೂ ಸಿಗದು.

ಆಗ ಹೊಳೆದದ್ದು ಅಜ್ಜಿಯ ಬೀರು. ದಿನಬಳಕೆಯ ಮಾತೆಲ್ಲ 'ನಂಜಮ್ಮ'. ಇನ್ಸ್‌ಪೆಕ್ಟರ್ ಡಬ್ಬದ ಮುಚ್ಚಳ ಬಹಳ ಬಿಗಿ, ಹಬ್ಬದ ತಿಂಡಿಯನ್ನು ಮಕ್ಕಳಿಂದ ಕಾಪಾಡಲು ಅದನ್ನೇ ಬಳಸುತ್ತಿದ್ದರು. ಹಾಗಾಗಿ ಬೇಸರದ ದಿನಕ್ಕೆಂದು ಎತ್ತಿಡಬೇಕಾದ ಒಳ್ಳೆಯ ಸಂಗತಿಗಳೆಲ್ಲ 'ಇನ್ಸ್‌ಪೆಕ್ಟರ್'. ಜಂಬದ ವಿಷಯಕ್ಕೆ 'ದೊಡ್ಡ ಲಲಿತ'. ಕೆಟ್ಟದ್ದು, ಕೈಕೊಟ್ಟದ್ದು, ಕೈಗೂಡದ್ದು ಎಲ್ಲ 'ಸೀತಾಪತಿ'. ಆಹಾ, ಎಂಥ ವ್ಯವಸ್ಥೆ! ಏನು ಬರೆದರೂ ಕಣ್ಣು ಮುಚ್ಚಿ ಡಬ್ಬಕ್ಕೆ ಹಾಕುತ್ತಿದ್ದೆ, ಬೇಕೆಂದಾಗ ಸಿಗುತ್ತಿತ್ತು.

ಓದುವವರ ಪಾಡು ಬೇರೆ. ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ ಬಾಗಲಕೋಟೆ ಕಡೆಯ ಒಬ್ಬ ಯುವಕ ಹೀಗೆ ಬರೆದಿದ್ದ: "ಅಕ್ಕಾರ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಪರೀಕ್ಷಾ ಬಗ್ಗೆ ಹುಡುಕಾಕತ್ತಿದ್ದೆ. ನಿಮ್ಮ ಕೊಬ್ಬರಿ ಮಿಠಾಯಿ ಸಿಕ್ತು. ಭಾಳ ಛಲೋ ಐತಿ. ಆದ್ರ ಪರೀಕ್ಷಾಕ್ಕ ಏನ್ ಓದಬೇಕು?" ನನಗೇನು ಗೊತ್ತು? ಚೆನ್ನಾಗಿ ಓದಿ, ಮಿಠಾಯಿಗೆ ಪಾಕ ಎಳೆ ಬರುವುದನ್ನು ನೋಡಿಕೊಳ್ಳಿ ಎಂದು ಉತ್ತರಿಸಿದೆ. ಅವನು ಅಲ್ಲಿಂದ ನನ್ನ ಖಾಯಂ ಓದುಗನಾದ.

ಹೀಗಿರುವಾಗ ಒಂದು ಮಧ್ಯಾಹ್ನ 'ಸೀತಾಪತಿ' ಒತ್ತಿದೆ. ಯಾವುದೋ ಕೆಟ್ಟುಹೋದ ಮಿಕ್ಸಿಯ ಬಗ್ಗೆ ಬರೆದದ್ದು ಬೇಕಿತ್ತು. ನನ್ನ ಬರಹಗಳ ನಡುವೆ ನನ್ನದಲ್ಲದ ಒಂದು ಕೂತಿತ್ತು. ಬರೆದವರ ಹೆಸರು 'ಬಿಳೇಕಹಳ್ಳಿ ಬಾಲ್ಕನಿ'. "ನಮ್ಮ ಓವರ್‌ಹೆಡ್ ಟ್ಯಾಂಕು ಮತ್ತೆ ತೊಟ್ಟಿಕ್ಕುತ್ತಿದೆ. ಪ್ಲಂಬರ್ ನಾಳೆ ಬರುತ್ತಾನಂತೆ. ಅವನ ನಾಳೆ ಯಾವಾಗ ಬರುತ್ತದೋ." ಕೆಳಗೆ ಟ್ಯಾಗು: ಸೀತಾಪತಿ.

ಸೋರುವುದಕ್ಕೆ ಸೀತಾಪತಿ ಎನ್ನುವವರು ಈ ಭೂಮಿಯ ಮೇಲೆ ನಮ್ಮ ಅಡುಗೆಮನೆ ಬಿಟ್ಟರೆ ಬೇರೆ ಎಲ್ಲಿದ್ದಾರೆ? ಅತ್ತೆಯವರು ಬಿ.ಟಿ.ಎಂ. ಬಿಟ್ಟು ಬಿಳೇಕಹಳ್ಳಿಯ ಕಡೆ ಮನೆ ಮಾಡಿದ್ದಾರೆಂದು ನೆಂಟರ ಬಾಯಲ್ಲಿ ಕೇಳಿದ್ದೆ. ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ? ಅದೇ ಟ್ಯಾಗಿನಲ್ಲಿ ನಾನೂ ಒಂದು ಸಾಲು ಬರೆದೆ: "ಸೋರುವ ಕಡೆ ಸ್ವಲ್ಪ ಸೋಪು ಮೆತ್ತಿದರೆ ನಿಲ್ಲುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು."

ಮರುದಿನ ಅಲ್ಲಿಂದ ಉತ್ತರ ಬಂದಿತ್ತು: "ಹೌದು, ಸೋಪು ಮೆತ್ತಿದ ಸೀತಾಪತಿಯಲ್ಲಿ ಬಡಿಸಿದ ಸಾರಿನಲ್ಲಿ ನೊರೆ ಎದ್ದು, ಬೀಗರು 'ಇದೇನು ಹೊಸಾ ಥರದ ಸಾರು' ಎಂದು ಮತ್ತೆ ಹಾಕಿಸಿಕೊಂಡಿದ್ದರು."

ಅತ್ತೆಯೇ! ಆ ಸಾರನ್ನು ಬಡಿಸಿದವಳೇ ಅವಳು! ನಾನು ಎದ್ದು ನಿಂತು ಕೂಗಿದ ರಭಸಕ್ಕೆ ಒಳಗಿದ್ದ ಮೇಲಿನ ದವಡೆ ಬೆದರಿ ಕುರ್ಚಿಯಿಂದ ಇಳಿದುಬಿಟ್ಟರಂತೆ. ಡಾಕ್ಟರು ಬೈದರು. ಬೈಯಲಿ, ನನಗೆ ಅವತ್ತು ಯಾವ ಬೈಗುಳವೂ ತಾಗಲಿಲ್ಲ. ಎಷ್ಟೋ ದಿನದ ಮೇಲೆ ಅತ್ತೆಯೇ ಹೇಳಿದಳು, ಅವಳು ಮೊದಲು ಕಂಡದ್ದು ನನ್ನ ಕೊಬ್ಬರಿ ಮಿಠಾಯಿಯನ್ನಂತೆ. ಇನ್ಸ್‌ಪೆಕ್ಟರ್ ಎಂದು ಓದಿದ ಕೂಡಲೇ ಗೊತ್ತಾಗಿ, ನೇರವಾಗಿ ಮಾತಾಡಿಸಲು ಬಿಗುಮಾನ ಬಿಡದೆ, ಹಿತ್ತಿಲ ಬಾಗಿಲಲ್ಲಿ ಬಟ್ಟಲಿಟ್ಟು ಹೋಗುವವರ ಹಾಗೆ ಸೀತಾಪತಿಯನ್ನು ಇಟ್ಟುಹೋಗಿದ್ದಳು.

ಇನ್ನು ಉಳಿದದ್ದು ಅಪ್ಪ. ನೇರವಾಗಿ ಹೇಳಿದರೆ ಅವರು ಕಂಪ್ಯೂಟರಿನ ವೈರನ್ನೇ ಕಿತ್ತಾರು. ಅವರಾಗ ನಿವೃತ್ತರಾಗಿ, ಮನೆಗೆ ಬಂದ ಕಂಪ್ಯೂಟರನ್ನು ಕಲಿಯುತ್ತಿದ್ದರು. ಮೌಸಿನ ಹೊಟ್ಟೆಗೆ ಅವರ ಹೆಸರಿನ ಚೀಟಿ ಆಗಲೇ ಅಂಟಿತ್ತು. ಒಂದು ಭಾನುವಾರ ಅತ್ತೆಯ ಬರಹವೊಂದನ್ನು ತೆರೆದಿಟ್ಟು, ನಾನು ಕಾಫಿ ತರುವ ನೆಪದಲ್ಲಿ ಎದ್ದುಹೋದೆ. ಅದರಲ್ಲಿ ಅವಳು ಇನ್ಸ್‌ಪೆಕ್ಟರ್ ಡಬ್ಬದ ಕಥೆ ಬರೆದಿದ್ದಳು: "ನಮ್ಮ ಅಣ್ಣನ ಮಗಳ ನಾಮಕರಣಕ್ಕೆ ಬೀದಿಯ ಕೊನೆಮನೆಯ ಇನ್ಸ್‌ಪೆಕ್ಟರ್ ಕೊಟ್ಟ ಡಬ್ಬವದು."

ಅಡುಗೆಮನೆಯಲ್ಲಿ ನಾನೂ ಅಮ್ಮನೂ ಕಿವಿಗೊಟ್ಟು ನಿಂತೆವು. ಹಾಲ್‌ನಲ್ಲಿ ಮೌಸು ಕ್ಲಿಕ್ಕೆನ್ನುವುದು ಕೇಳಿಸುತ್ತಿತ್ತು. ಆಮೇಲೆ ಗುಡುಗಿತು.

"ತಪ್ಪು! ಶುದ್ಧ ತಪ್ಪು! ನಾಮಕರಣಕ್ಕಲ್ಲ, ನನ್ನ ಮದ್ವೆಗೆ ಕೊಟ್ಟಿದ್ದು ಅದು. ಏನ್ ಬೇಕಾದ್ರೂ ಬರ್ಯೋದಾ? ಪುಟ್ಟೀ, ಬಾ ಇಲ್ಲಿ, ತಿದ್ದು ಇದನ್ನ!"

"ಬೇರೆಯವ್ರು ಬರ್ದಿರೋದನ್ನ ನಾನು ತಿದ್ದಕ್ಕಾಗಲ್ಲ ಅಪ್ಪ. ಬೇಕಿದ್ರೆ ನೀವೇ ಕೆಳಗೆ ಬರೀರಿ."

"ಬರೀತೀನಿ. ನಂಗೇನ್ ಹೆದ್ರಿಕೆನಾ?"

ಬರೆಯಲು ಮೊದಲು ಒಂದು ಹೆಸರಿನಲ್ಲಿ ಖಾತೆ ತೆರೆಯಬೇಕು. ಏನು ಹೆಸರಿಡಲಿ ಎಂದು ಕೇಳಿದೆ. ಅವರ ಬಾಯಿ ಅಭ್ಯಾಸಬಲದಿಂದ ತಾನಾಗಿ ಹೇಳಿತು: "ಕೆ. ರಂಗನಾಥ, ಜಯನಗರ."

"ನಾವೀಗ ಇರೋದು ಸಾರಕ್ಕಿ, ಅಪ್ಪ."

"ಜಯನಗರ ಅಂತ್ಲೇ ಹಾಕು. ಅದಕ್ಕೊಂದು ತೂಕ ಇದೆ."

ವರ್ಷಾನುಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ತಂಗಿಗೆ ಆಡಿದ ಮೊದಲ ಮಾತು ಹೀಗಿತ್ತು: "ಇನ್ಸ್‌ಪೆಕ್ಟರ್ ನಾಮಕರಣದ್ದಲ್ಲ, ಮದುವೆಯದು. ದಯವಿಟ್ಟು ಸರಿಪಡಿಸುವುದು." ಅರ್ಧ ಗಂಟೆಯೊಳಗೆ ಉತ್ತರ: "ಮದುವೆಗೆ ಬಂದದ್ದು ಸೀತಾಪತಿ. ಉಡುಗೊರೆ ಇಸಿದುಕೊಳ್ಳುತ್ತ ಕೂತಿದ್ದವಳು ನಾನು. ಕೆಲವರು ಆಗ ಹಸೆಯ ಮೇಲೆ ಕೂತು ನಿದ್ದೆ ಮಾಡುತ್ತಿದ್ದರು." ಅಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ಚಿಕ್ಕ ಲಲಿತ ಯಾರ ಮಗಳು, ದೊಡ್ಡ ಲಲಿತಳ ಮುಚ್ಚಳ ಕಳೆದದ್ದು ಯಾರ ಕೈಯಿಂದ, ಸೀತಾಪತಿಯ ತೂತು ತಳದಲ್ಲೋ ಪಕ್ಕದಲ್ಲೋ. ಹಗಲೆಲ್ಲ ಜಗಳ. ಬೇರೆಯವರು ಬಂದು ಓದತೊಡಗಿದರು. ಬಾಗಲಕೋಟೆಯ ಹುಡುಗ ಪರೀಕ್ಷೆ ಮರೆತು ಪಂಚಾಯ್ತಿಗೆ ಕೂತ: "ಅಣ್ಣಾರು ಹೇಳೂದು ಖರೆ ಅನಸ್ತೈತಿ. ಆದ್ರ ತೂತಿನ ವಿಷಯದಾಗ ನಾ ಅಕ್ಕಾರ ಕಡೀಗೆ." ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದ್ದಾರೆಂದು ಇಬ್ಬರಿಗೂ ಗೊತ್ತು, ಆದರೂ ಅಪರಿಚಿತರಂತೆ 'ತಾವು', 'ಮಾನ್ಯರೇ' ಎಂದು ಬರೆಯುತ್ತಿದ್ದರು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಓದಿ ಹೇಳಿದಳು: "ಮಾತು ಬಿಟ್ಟಿದ್ದಾರಂತೆ ಮಾತು! ಕಟ್ಕೊಂಡ ನನ್ ಹತ್ರ ಈ ಮನುಷ್ಯ ಇಷ್ಟು ಮಾತಾಡಿದ್ದು ನಾನ್ ಕಾಣೆ."

ಆದರೆ ಗೋಣಿಚೀಲದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಎಷ್ಟು ದಿನ ಹಾಗೆ ನಡೆದೀತು? ಒಂದು ದಿನ ಯಾರೋ ಪಾಪದವರು ಅಪ್ಪನನ್ನು ಕೇಳಿದರು, ಪಾತ್ರೆಯ ಮೇಲೆ ಕೊಟ್ಟವರ ಹೆಸರೇಕೆ ಇರಬೇಕು ಎಂದು. ಅಪ್ಪ ಹಿಂದೆ ಮುಂದೆ ನೋಡದೆ ಒತ್ತಿಬಿಟ್ಟರು: "ಯಾವ ಪಾತ್ರೆಯೇ ಆಗಲಿ, ಕೊಟ್ಟವರ ಹೆಸರು ಇರುವುದೇ ಕ್ರಮ."

"ಅಯ್ಯೋ ಅಪ್ಪ! ಛತ್ರದಲ್ಲಿ ಹೇಳಿದ್ ಮಾತ್ನೇ ಹೇಳ್ಬಿಟ್ರಲ್ಲ!" ಎಂದು ನಾನು ಓಡಿ ಬರುವಷ್ಟರಲ್ಲಿ ಅದು ಹೋಗಿಯಾಗಿತ್ತು.

ಬಿಳೇಕಹಳ್ಳಿ ಬಾಲ್ಕನಿ ಬಾಗಿಲು ಹಾಕಿಕೊಂಡಿತು. ಮರುದಿನ ಉತ್ತರವಿಲ್ಲ, ಆ ವಾರವೆಲ್ಲ ಇಲ್ಲ. ಅಪ್ಪ ಬೆಳಿಗ್ಗೆ ಎದ್ದವರೇ ಕಂಪ್ಯೂಟರ್ ಮುಂದೆ ಕೂತು ನಂಜಮ್ಮನನ್ನು ಒತ್ತುವರು, ಸೀತಾಪತಿಯನ್ನು ಒತ್ತುವರು, ಹೊಸದೇನೂ ಇಲ್ಲ. "ನೆಟ್ ಸರಿ ಇದ್ಯಾ ನೋಡು ಪುಟ್ಟಿ." ನೆಟ್ ಸರಿಯಾಗಿಯೇ ಇತ್ತು. "ಟ್ಯಾಂಕ್ ರಿಪೇರಿ ಆಯ್ತೋ ಇಲ್ವೋ, ಪಾಪ," ಎಂದು ತಮಗೆ ತಾವೇ ಹೇಳಿಕೊಂಡರು. ನನಗೆ ಅವರನ್ನು ನೋಡಿ ಸಂಕಟವಾಯಿತು. ಮೊದಲ ಸಲ ತಂಗಿಯನ್ನು ಕಳೆದುಕೊಂಡಾಗ ಸಿಟ್ಟಾದರೂ ಜೊತೆಗಿತ್ತು, ಈ ಸಲ ಅದೂ ಇರಲಿಲ್ಲ.

ಗೌರಿ ಹಬ್ಬ ಹತ್ತಿರ ಬಂತು. ಅಪ್ಪ ಏಣಿ ಹಾಕಿ ಅಟ್ಟ ಹತ್ತಿದರು. ಗೋಣಿಚೀಲ ಬಿಚ್ಚಿ ದೊಡ್ಡ ಕೊಳಗವನ್ನು ಹೊರತೆಗೆದು, ಪಂಚೆಯಲ್ಲಿ ಒರೆಸಿ, ನನ್ನನ್ನೂ ಕರೆದುಕೊಂಡು ಫೋರ್ತ್ ಬ್ಲಾಕಿಗೆ ಹೊರಟರು. ಅದೇ ಅಂಗಡಿ.

"ಈ ಹೆಸ್ರು ತೆಗೀಬೇಕಲ್ಲಪ್ಪ."

ಅಂಗಡಿಯವನು ಕೊಳಗವನ್ನು ತಿರುಗಿಸಿ ನೋಡಿದ. "ಹಾಕಕ್ಕಾಗತ್ತೆ ಸಾರ್, ತೆಗ್ಯಕ್ಕಾಗಲ್ಲ. ಮೇಲೆ ಗೀಚಿದ್ರೆ ಅಸಹ್ಯ ಆಗತ್ತೆ. ಹೊಸದೇ ತಗೊಳ್ಳಿ."

"ಹೊಸದು ಬೇಡ," ಎಂದರು ಅಪ್ಪ.

ನೆಂಟರಿಂದ ವಿಳಾಸ ಕೇಳಿಟ್ಟುಕೊಂಡು, ಹಬ್ಬದ ಬೆಳಿಗ್ಗೆ ಆಟೋ ಹತ್ತಿದೆವು. ನನ್ನ ತೊಡೆಯ ಮೇಲೆ ಬಾಗಿನದ ಮೊರ, ಅಪ್ಪನ ತೊಡೆಯ ಮೇಲೆ ಕೊಳಗ. ಸಾರಕ್ಕಿ ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ ಅಪ್ಪನ ಧೈರ್ಯ ಇಳಿದುಹೋಯಿತು.

"ಬೇಡ ಪುಟ್ಟಿ, ಅವ್ಳು ಬಾಗಿಲು ತೆಗೀದೇ ಇದ್ರೆ? ತಿರುಗ್ಸಪ್ಪ ಗಾಡೀನ, ವಾಪಸ್ ಹೋಗೋಣ."

ಆಟೋದವನು ಹಿಂದೆ ತಿರುಗಿ ನೋಡಿ ನಕ್ಕ. "ಯಾವ್ ಕಡೆ ತಿರುಗ್ಸ್ಲಿ ಸಾರ್? ಮುಂದೆ ಬಸ್ಸು, ಹಿಂದೆ ಲಾರಿ, ಪಕ್ಕದಲ್ಲಿ ಬಾಳೆಕಂದಿನ ಗಾಡಿ. ಇಲ್ಲಿಗೆ ಬಂದೋರು ಮುಂದಕ್ಕೇ ಹೋಗ್ಬೇಕು." ಸಾರಕ್ಕಿಯ ಟ್ರಾಫಿಕ್ಕನ್ನು ನಾನು ಬಹಳ ಬೈದಿದ್ದೇನೆ. ಅವತ್ತು ಮಾತ್ರ ಕೈಮುಗಿದೆ.

ಬಿಳೇಕಹಳ್ಳಿಯಲ್ಲಿ ಬಾಗಿಲು ತೆಗೆದವಳು ಅತ್ತೆಯೇ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ನಿಲುವು ಥೇಟ್ ಅಜ್ಜಿಯದು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅಪ್ಪನ ಎದೆಗವಚಿದ್ದ ಕೊಳಗವನ್ನು ನೋಡಿದಳು. ಅಪ್ಪ ಆಟೋದಲ್ಲೆಲ್ಲ ಬಾಯಿಪಾಠ ಮಾಡಿಕೊಂಡು ಬಂದದ್ದು ಪೂರ್ತಿ ಮರೆತುಹೋಯಿತು.

"ಹೆಸ್ರು ಅಳ್ಸಕ್ಕಾಗಲ್ವಂತೆ ವತ್ಸಲ. ಕೇಳ್ದೆ."

ಅತ್ತೆಯ ಕಣ್ಣು ತುಂಬಿತು. "ಯಾಕೋ ಅಣ್ಣ ಹಾಕ್ಸ್ದೆ ಅವತ್ತು? ಅಷ್ಟು ಜನ ನಗೋ ಹಂಗೆ?"

ಅಪ್ಪ ಕೊಳಗದ ಕಂಠವನ್ನು ಸವರುತ್ತ ನಿಂತರು. "ನನ್ನವು ಅನ್ನೋದಕ್ಕೆಲ್ಲ ಹಾಕ್ತೀನಲ್ಲ, ಹೆಸರಿದ್ರೆ ವಾಪಸ್ ಬರತ್ತೆ ಅಂತ. ನೀನು ಮನೆ ಬಿಟ್ಟು ಹೋಗ್ತಾ ಇದ್ದೆ. ನಿನ್ ಮೇಲಂತೂ ಬರ್ಯಕ್ಕಾಗಲ್ಲ. ನಿನ್ ಜೊತೆ ಹೋಗೋದ್ರ ಮೇಲಾದ್ರೂ ಇರ್ಲಿ, ವಾಪಸ್ ಬರ್ತಾ ಹೋಗ್ತಾ ಇರ್ತೀಯ ಅಂತ..."

ಇದು ನಿಜವೋ, ಸಾರಕ್ಕಿ ಸಿಗ್ನಲ್ಲಿನಲ್ಲಿ ಹೊಳೆದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಹೋಗಿಲ್ಲ. ಅತ್ತೆ ಮೂಗು ಒರೆಸಿಕೊಂಡು, "ಜಯನಗರದ ಮನೆ ಬಿಟ್ರಂತಲ್ಲ, ಇನ್ನೆಲ್ಲಿಗೆ ವಾಪಸ್ ಬರ್ಲಿ?" ಎಂದಳು.

"ಸಾರಕ್ಕಿ. ಹೊಸಾ ವಿಳಾಸ ಬರ್ದುಕೊಡ್ತೀನಿ," ಎಂದು ಅಪ್ಪ ಜೇಬಿನ ಪೆನ್ನಿಗೆ ಕೈ ಹಾಕಿಯೇಬಿಟ್ಟರು.

ಅತ್ತೆ ನಕ್ಕುಬಿಟ್ಟಳು. ಬಾಗಿನ ತೆಗೆದುಕೊಂಡು, ಕೊಳಗವನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು. ನಾವು ಹಾಲ್‌ನಲ್ಲಿ ಕೂತೆವು. ಅವಳ ಮಗಳು ಕಾಫಿ ತಂದುಕೊಟ್ಟಳು. ಅಪ್ಪ ಲೋಟವನ್ನು ಬಾಯಿಗಿಡುವಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿಯದೇ ಗಂಟಲಿನಲ್ಲಿ, ಬೇಕೆಂದೇ ನಮಗೆ ಕೇಳುವಂತೆ, ಅತ್ತೆ ಮಗಳನ್ನು ಕೂಗಿದಳು.

"ಈ ಅಣ್ಣ ದೂಳು ಹಿಡ್ದು ಕಪ್ಪಾಗಿ ಹೋಗಿದಾನೆ ಕಣೇ! ಹುಣಿಸೇಹಣ್ಣು ಕೊಡು, ಚೆನ್ನಾಗಿ ಉಜ್ಜಿ ಬಿಸಿಲಿಗೆ ಬೋರಲು ಹಾಕೋಣ. ಇವತ್ತು ಪಾಯಸ ಇವನಲ್ಲೇ ಮಾಡೋದು!"

ಅಪ್ಪ ಕಾಫಿ ಲೋಟ ಕೆಳಗಿಟ್ಟು, ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು. ಕ್ಯಾಲೆಂಡರಿನಲ್ಲಿ ಅಂಥದ್ದೇನೂ ಇರಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಅವರೇ ಕಂಪ್ಯೂಟರ್ ಹಾಕಿದರು. ಬಿಳೇಕಹಳ್ಳಿ ಬಾಲ್ಕನಿಯಲ್ಲಿ ಹೊಸ ಬರಹವಿತ್ತು: "ಮನೆಮಂದಿಗೆಲ್ಲ ಆಗುವಷ್ಟು ಪಾಯಸ ಹಿಡಿಯುತ್ತಾನೆ. ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಸದ್ದು ಜಾಸ್ತಿ. ತಳ ಮಾತ್ರ ಗಟ್ಟಿ." ಕೆಳಗೆ ಅದುವರೆಗೆ ಇಲ್ಲದಿದ್ದ ಒಂದು ಟ್ಯಾಗು: ಅಣ್ಣ.

ಅಪ್ಪ ಅದನ್ನು ಒತ್ತಿದರು. ಮತ್ತೆ ಒತ್ತಿದರು.

"ಒಂದೇ ಇದೆಯಲ್ಲ ಪುಟ್ಟಿ ಇದರಲ್ಲಿ?"

"ಅತ್ತೆ ಇವತ್ತು ತಾನೇ ಶುರು ಮಾಡಿದಾಳಲ್ಲ ಅಪ್ಪ," ಎಂದೆ.